10 ಕೆಜಿ ಜಾಕೆಟ್ ಹಾಕ್ಕೊಂಡು ನಡಿಯೂದಕ್ಕ ಮೊದಲು ಇಷ್ಟು ಓದ್ರಿ

ನಮಸ್ಕಾರ ತಂಗಿ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನ ಓದಿದೆ, ಅವಸರದಾಗ ಬರೀಬಾರದಂತ ಈಗ ಕುಂತೀನಿ. ವಯಸ್ಸು 47, ತೂಕ 72 ಕೆಜಿ, ಮೂರು ತಿಂಗಳ ಸಕ್ರಿ ಲೆಕ್ಕ (HbA1c) 6.1 ಬಂದೈತಿ, ಅಂದ್ರ ಸಕ್ರಿ ರೋಗದ ಹೊಸ್ತಿಲು, ಡಾಕ್ಟರು ಗುಳಿಗಿ ಬರದಿಲ್ಲ, ದಿನಾ ನಡೀರಿ ಅಂದಾರ. ಮಗ ವ್ಯಾಯಾಮಕ್ಕಂತ ಭಾರ ತುಂಬಿದ 10 ಕೆಜಿ ಜಾಕೆಟ್ ತರಿಸಿಕೊಟ್ಟಾನ. ಅದನ್ನ ಹಾಕ್ಕೊಂಡು ನಾಳೆಯಿಂದನ ಹುಬ್ಬಳ್ಳಿ ಉಣಕಲ್ ಕೆರಿ ದಂಡ್ಯಾಗ ನಡೀಲೇನು, ಮೆಟ್ಟಲ ಹತ್ತುವಾಗ ಮೊಣಕಾಲು ಕಟಕಟ ಅಂತೈತಿ ಅಂತ ಕೇಳೀರಿ.

ನಾಳೆಯಿಂದ ಬ್ಯಾಡ್ರಿ. ಹಂಗಂತ ಜಾಕೆಟ್ ವಾಪಸ್ ಕಳಸೂದೂ ಬ್ಯಾಡ. ಅದು ಕಪಾಟಿನಾಗ ಎರಡು ತಿಂಗಳು ಇರಲಿ.

ಯಾಕಂತ ನನ್ನ ಕಥಿಯಿಂದನ ಹೇಳ್ತೀನಿ. ನನಗೀಗ 58. ಧಾರವಾಡದಾಗ ವಿಶ್ವವಿದ್ಯಾಲಯದ ಕಡೆ ಏರು-ಇಳುಕಲಿನ ರಸ್ತಾದಾಗ ಹತ್ತು ವರ್ಷದಿಂದ ನಡೀತೀನಿ. ಮೂರು ವರ್ಷದ ಹಿಂದ ಮಗಳ ಹಳೆ ಕಾಲೇಜ್ ಬ್ಯಾಗಿನಾಗ 8 ಕೆಜಿ ಜೋಳ ತುಂಬಿಕೊಂಡು ವಾರದಾಗ ಐದು ದಿನ ನಡಿಯಾಕ ಶುರು ಮಾಡಿದೆ. ಮೊದಲ ವಾರ ದಮ್ಮು ಹತ್ತಿತು, ಎರಡನೇ ವಾರ ಅದೂ ಹತ್ತಲಿಲ್ಲ, ಬಾಳ ಖುಷಿ ಆತು. ಮೂರನೇ ವಾರ ಒಂದಿನ ಮುಂಜಾನೆ ಹಾಸಿಗಿಯಿಂದ ಇಳಿದು ಮೊದಲ ಹೆಜ್ಜಿ ಊರಿದ್ರ ಹಿಮ್ಮಡದಾಗ ಮೊಳಿ ಹೊಡದಂಗ ಆತು. ಆ ನೋವು ಹೋಗಾಕ ನಾಲ್ಕು ತಿಂಗಳು ಹಿಡೀತು. ಆ ನಾಲ್ಕು ತಿಂಗಳು ಖಾಲಿ ನಡಿಗಿನೂ ಇಲ್ಲ. ಕಾಲು ತೋರಿಸಿದಾಗ ಫಿಸಿಯೋಥೆರಪಿಯವರು ತಿಳಿಸಿ ಹೇಳಿದ್ರು: ಎದಿ, ಉಸಿರು, ಮಾಂಸಖಂಡ ಇವು ಭಾರಕ್ಕ ಲಗೂನ ಹೊಂದ್ಕೋತಾವ. ಎಲುಬಿಗೆ ಮಾಂಸ ಕಟ್ಟಿದ ನಾರು, ಅಂಗಾಲಿನ ಪಟ್ಟಿ, ಕೀಲು ಇವಕ್ಕ ತಿಂಗಳುಗಟ್ಲೆ ಬೇಕು. ನಮಗ ದಮ್ಮು ಹತ್ತೂದು ನಿಂತ ಕೂಡಲೆ ತಯಾರಾದ್ವಿ ಅನಸ್ತೈತಿ, ಕಾಲಿನ ನಾರು ಇನ್ನೂ ಹಿಂದ ಉಳದಿರ್ತೈತಿ. ಪೆಟ್ಟು ಬೀಳೂದು ಆ ನಡುವಿನ ಹೊತ್ತಿನಾಗ.

ಮೊಣಕಾಲಿನ ಲೆಕ್ಕಾನೂ ಐತಿ. ಮೊಣಕಾಲು ಸವದ ದಪ್ಪ ಮೈಯವರ ಮ್ಯಾಲೆ ಅಮೆರಿಕಾದಾಗ ಮಾಡಿದ ಅಧ್ಯಯನ 2005ರಾಗ ಪ್ರಕಟ ಆತು. ಮೈತೂಕ ಒಂದು ಕೆಜಿ ಇಳದ್ರ ಹೆಜ್ಜಿಗೊಮ್ಮೆ ಮೊಣಕಾಲಿನ ಮ್ಯಾಲಿನ ಒತ್ತಡ ಸುಮಾರು ನಾಲ್ಕು ಕೆಜಿ ಇಳೀತೈತಿ ಅಂತ ಅದರಾಗ ಕಂಡಬಂತು. ಹೊತ್ತ ಭಾರಕ್ಕ ಇದ ಲೆಕ್ಕ ಹಂಗ ಕೂಡಂಗಿಲ್ಲ, ಆದ್ರ ಹೆಗಲ ಮ್ಯಾಲಿನ ಒಂದು ಕೆಜಿ ಮೊಣಕಾಲಿಗೆ ಬರೇ ಒಂದು ಕೆಜಿ ಆಗಿ ಮುಟ್ಟಂಗಿಲ್ಲ ಅನ್ನೂದಂತೂ ಖರೆ. ನಿಮ್ಮ ಕಟಕಟ ಸಪ್ಪಳಕ್ಕ ಅಂಜಬ್ಯಾಡ್ರಿ. ನೋವಿಲ್ಲ, ಬಾವಿಲ್ಲ ಅಂದ್ರ ಸಪ್ಪಳ ಸಾಮಾನ್ಯವಾಗಿ ಏನೂ ಮಾಡಂಗಿಲ್ಲ. ನೋವು ಅಥವಾ ಬಾವು ಜೋಡಿಗಿದ್ರ ತೋರಿಸ್ರಿ.

ಈಗ ಮಾಡೂದು ಏನು ಅಂದ್ರ, ಸಕ್ರಿಗೆ ಊಟದ ನಂತರದ ನಡಿಗಿನ ಬಾಳ ಛಲೋ ಔಷಧ. ಉಂಡ ಮ್ಯಾಲೆ ರಕ್ತದಾಗ ಸಕ್ರಿ ಏರ್ತಿರ್ತೈತಿ. ಆಗ ನಡದ್ರ ತೊಡಿ, ಮೀನಖಂಡದ ಮಾಂಸ ಆ ಸಕ್ರೀನ ಜಗ್ಗಿಕೊಂಡು ಸುಡ್ತಾವ, ಇನ್ಸುಲಿನ್ ಸಾಕಷ್ಟು ಕೆಲಸ ಮಾಡದವರಾಗನೂ ಈ ದಾರಿ ನಡೀತೈತಿ. ಮಧ್ಯಾಹ್ನ ರೊಟ್ಟಿ-ಅನ್ನ ಉಂಡು ತಾಟು ತೊಳದು ಅರ್ಧ ತಾಸಿನೊಳಗ 10–15 ನಿಮಿಷ, ರಾತ್ರಿ ಊಟ ಆದ ಮ್ಯಾಲೆ ಮತ್ತ ಅಷ್ಟ. ಓಣ್ಯಾಗ ನಡದ್ರೂ ಸಾಕು, ಮಾಳಿಗಿ ಮ್ಯಾಲೆ ನಡದ್ರೂ ಸಾಕು. ಮುಂಜಾನೆ ಒಂದು ತಾಸು ನಡದು ಉಳದ ದಿನ ಪೂರಾ ಕುಂತಿರೂದಕ್ಕಿಂತ ನಿಮಗ ಇದ ಮುಖ್ಯ. ಇದನ್ನ ಬಿಟ್ಟು ಜಾಕೆಟ್ ಹಿಡಕೊಂಡ್ರ ಉಪಯೋಗಿಲ್ಲ.

ಇದರ ಜೋಡಿ ವಾರದಾಗ ಐದು ದಿನ 30 ನಿಮಿಷ ಚುರುಕ ನಡಿಗಿ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ದೊಡ್ಡವರಿಗೆ ಹೇಳಿದ್ದು ವಾರಕ್ಕ 150ರಿಂದ 300 ನಿಮಿಷ. ಅದನ್ನ ಸಣ್ಣ ಸಣ್ಣ ತುಂಡಾಗಿ ಮಾಡಿದ್ರೂ ಲೆಕ್ಕಕ್ಕ ಬರ್ತೈತಿ. ಚುರುಕ ಅಂದ್ರ ನಿಮಿಷಕ್ಕ ಸುಮಾರು 100 ಹೆಜ್ಜಿ. ಗಡಿಯಾರ ನೋಡ್ಕೊಂಡು ಒಂದ್ಸಲ ಎಣಸ್ರಿ, ಕಾಲಿಗೆ ತಾಳ ಸಿಗ್ತೈತಿ. ಬಾಜು ನಡಿಯೂರ ಜೋಡಿ ಮಾತಾಡಾಕ ಬರಬೇಕು, ಹಾಡು ಹಾಡಾಕ ಬರಬಾರದು. ದಿನಾ 10,000 ಹೆಜ್ಜಿ ಆಗಬೇಕಂತ ಮೊಬೈಲ್ ನೋಡಿ ಕೊರಗಬ್ಯಾಡ್ರಿ. ಆ ಅಂಕಿ 1965ರಾಗ ಜಪಾನಿನಾಗ ಹೆಜ್ಜಿ ಎಣಿಸೂ ಯಂತ್ರ ಮಾರುವಾಗ ಇಟ್ಟ ಹೆಸರಿನಿಂದ ಬಂದದ್ದು. 2019ರಾಗ ವಯಸ್ಸಾದ ಹೆಣ್ಣುಮಕ್ಕಳ ಮ್ಯಾಲೆ ಮಾಡಿದ ದೊಡ್ಡ ಅಧ್ಯಯನದಾಗ 4,400 ಹೆಜ್ಜಿಯಿಂದನ ಲಾಭ ಕಂಡಿತ್ತು, 7,500ರ ಸುತ್ತ ಅದು ಸಮ ಆಗಿತ್ತು.

ಎಂಟು ವಾರ ಹಿಂಗ ನಡದು, ಮರುದಿನ ಮುಂಜಾನೆ ಹಿಮ್ಮಡ, ಮೊಣಕಾಲು, ಸೊಂಟ ಮೂರೂ ಸುಮ್ಮನಿದ್ವು ಅಂದ್ರ ಭಾರ ಶುರು ಮಾಡ್ರಿ. ನಿಮಗ ಮೊದಲು 2 ಕೆಜಿ, ವಾರಕ್ಕ ಎರಡ ದಿನ, 20 ನಿಮಿಷ, ಸಪಾಟು ದಾರ್ಯಾಗ. ಜಾಕೆಟ್ಟಿಗೆ ಸಣ್ಣ ಸಣ್ಣ ಕಿಸೆ ಇದ್ದು ಭಾರದ ತುಂಡು ತೆಗಿಯಾಕ ಬರ್ತಿದ್ರ ಅದನ್ನ ಹಾಕ್ಕೋರಿ, ಮುಂದ ಹಿಂದ ಸಮ ಇರಲಿ. ಹೊಲದುಬಿಟ್ಟಿದ್ರ ಬ್ಯಾಡ, ಎರಡೂ ಹೆಗಲಿನ ಬ್ಯಾಗ ಸಾಕು. ನಾ ಈಗ ಬ್ಯಾಗಿನಾಗ ಒಂದೊಂದು ಲೀಟರಿನ ನೀರಿನ ಬಾಟ್ಲಿನ ಇಡ್ತೀನಿ. ಒಂದು ಲೀಟರ್ ಅಂದ್ರ ಒಂದು ಕೆಜಿ. ನಡುದಾರ್ಯಾಗ ಎಲ್ಲ್ಯಾರ ನೋವಾತು ಅಂದ್ರ ಗಿಡದ ಬುಡಕ್ಕ ಸುರದು ಹಗುರಾಗಿ ಮನಿಗೆ ಬರಬಹುದು, ಜೋಳ ಹೊತ್ತ್ರ ಅದು ಆಗಂಗಿಲ್ಲ. ಬಾಟ್ಲಿಗೆ ಟಾವೆಲ್ ಸುತ್ತಿ ಬೆನ್ನಿಗೆ ಹತ್ತಿ, ಹೆಗಲಿನ ಎಲುಬಿನ ಸಮಕ್ಕ ಕೂಡ್ರೂವಂಗ ಇಡ್ರಿ. ಬ್ಯಾಗಿನ ತಳಕ್ಕ ಭಾರ ಬಿದ್ರ ಅದು ಹಿಂದಕ್ಕ ಜಗ್ಗತೈತಿ, ನೀವು ಮುಂದಕ್ಕ ಬಾಗತೀರಿ, ಸೊಂಟ ಹಿಡೀತೈತಿ. ಎರಡು ವಾರಕ್ಕ ಒಂದು ಕೆಜಿ ಏರಸ್ರಿ. ಮೈತೂಕದ ಹತ್ತರಾಗ ಒಂದು ಪಾಲು, ಅಂದ್ರ ನಿಮಗ 7 ಕೆಜಿ, ಅಲ್ಲಿಗೆ ನಿಲ್ಲಸ್ರಿ. ಆ 10 ಕೆಜಿ ನಿಮಗ ಎಂದೂ ಬೇಕಾಗಂಗಿಲ್ಲ. ಭಾರ ಏರಿಸಿದ ವಾರ ವೇಗಾನೂ ಏರು ದಾರೀನೂ ಏರಸಬ್ಯಾಡ್ರಿ, ಒಂದ ಸಲಕ್ಕ ಒಂದ.

ಕಾಲಿಗೆ ಕಟ್ಟೂ ಮರಳಿನ ಪಟ್ಟಿ ಮಾತ್ರ ತರಬ್ಯಾಡ್ರಿ, ಇದನ್ನ ಒತ್ತಿ ಹೇಳ್ತೀನಿ. 1969ರಾಗ ಅಮೆರಿಕಾದ ಸೈನ್ಯದ ಸಂಶೋಧಕರು ಅಳದು ನೋಡಿದ್ರು: ಪಾದಕ್ಕ ಕಟ್ಟಿದ ಒಂದು ಕೆಜಿ ಹೊರಾಕ, ಮೈತೂಕದ ಒಂದು ಕೆಜಿಗೆ ಬೇಕಾದದ್ದಕ್ಕಿಂತ ನಾಲ್ಕರಿಂದ ಆರು ಪಟ್ಟು ಶಕ್ತಿ ಬೇಕು, ಕೈಯಾಗ ಹಿಡದ್ರ ಹೆಚ್ಚುಕಮ್ಮಿ ಎರಡು ಪಟ್ಟು, ತಲಿ ಮ್ಯಾಲೆ ಇಟ್ರ ಸ್ವಲ್ಪ ಅಷ್ಟ ಹೆಚ್ಚು. ಶಕ್ತಿ ಹೆಚ್ಚು ಖರ್ಚಾದ್ರ ಛಲೋ ಅಲ್ಲೇನು ಅಂತ ಕೇಳಬಹುದು. ಆದ್ರ ಕಾಲಿಗೆ ಕಟ್ಟಿದ ಭಾರ ಹೆಜ್ಜಿ ಎತ್ತೂ ರೀತಿನ ಕೆಡಸ್ತೈತಿ, ಮೊಣಕಾಲು ಜಗ್ಗತೈತಿ.

ತಲಿ ಮ್ಯಾಲಿನ ಭಾರದ ಮಾತು ಬಂದಾಗ ನಮ್ಮವ್ವ ಕಣ್ಣಮುಂದ ಬರ್ತಾಳ. ಗದಗ ತಾಲ್ಲೂಕಿನ ನಮ್ಮೂರಾಗ ಸಿಂಬಿ ಇಟ್ಟು ಮ್ಯಾಲೊಂದು ಕೊಡ, ಬಗಲಾಗೊಂದು ಕೊಡ ಹೊತ್ತು ಕೆರಿಯಿಂದ ಬರ್ತಿದ್ಲು. ಸುಗ್ಗಿ ದಿನದಾಗ ಅದ ಸಿಂಬಿ ಮ್ಯಾಲೆ ಬುತ್ತಿ ಬುಟ್ಟಿ, ಎರಿ ಹೊಲದಾಗ ಎರಡು ಮೈಲಿ. ಬೆನ್ನು ಕೋಲಿನಂಗ ನೆಟ್ಟಗ. 1986ರಾಗ ಕೀನ್ಯಾದ ಹೆಣ್ಣುಮಕ್ಕಳ ಮ್ಯಾಲೆ ಒಂದು ಅಧ್ಯಯನ ಬಂತು. ಸಣ್ಣಂದಿನಿಂದ ಹೊತ್ತು ರೂಢಿ ಇದ್ದವರು ಮೈತೂಕದ ಐದರಾಗ ಒಂದು ಪಾಲಿನಷ್ಟು ಭಾರ ತಲಿ ಮ್ಯಾಲೆ ಹೊತ್ತ್ರೂ ಖಾಲಿ ನಡದಷ್ಟ ಶಕ್ತಿ ಖರ್ಚಾಗ್ತಿತ್ತಂತ. ಓದಿದಾಗ ಅವ್ವನ ನಡಿಗಿಗೆ ಯಾರೋ ಲೆಕ್ಕ ಬರದಂಗ ಅನಿಸಿ ಕಣ್ಣು ತುಂಬಿದ್ವು. ಆದ್ರ ಅದ ಅವ್ವ ಅರವತ್ತು ದಾಟಿದ ಮ್ಯಾಲೆ ಕುತ್ತಿಗಿ ನೋವಿನಿಂದ ರಾತ್ರಿ ಮಗ್ಗಲಾ ಬದಲಿಸಾಕ ಒದ್ದಾಡತಿದ್ಲು. ಹಂಗಾಗಿ ಹಿರಿಯರು ಹೊರತಿದ್ರು, ನಾವೂ ಹೊರಬಹುದು ಅಂತ ಗುಂಪಿನಾಗ ಯಾರರ ಬರದ್ರ ನನಗ ಒಪ್ಪಾಕ ಆಗಂಗಿಲ್ಲ. ಅವರಿಗೆ ರೂಢಿ ಇತ್ತು, ಬ್ಯಾರೆ ದಾರಿ ಇರಲಿಲ್ಲ.

ಭಾರದ ಜಾಕೆಟ್ ಹಾಕ್ಕೊಂಡ್ರ ಎಲುಬು ಗಟ್ಟಿ ಆಗ್ತಾವಂತ ನೀವು ಒಂದು ವಿಡಿಯೋ ಹಾಕೀರಿ. ಅದನ್ನ ನಂಬಿ ತೊಗೊಬ್ಯಾಡ್ರಿ. 2025ರಾಗ ಪ್ರಕಟ ಆದ ಒಂದು ಪ್ರಯೋಗದಾಗ ತೂಕ ಇಳಿಸ್ತಿದ್ದ 150 ಮಂದಿ ಹಿರಿಯರನ್ನ ಒಂದು ವರ್ಷ ನೋಡ್ಯಾರ. ಜಾಕೆಟ್ ಹಾಕ್ಕೊಂಡವರಿಗೂ ಟೊಂಕದ ಎಲುಬು ಸವಿಯೂದು ತಪ್ಪಲಿಲ್ಲ. ಎಲುಬಿಗೆ, ಮಾಂಸಕ್ಕ ವಾರದಾಗ ಎರಡು ದಿನ ಕುರ್ಚಿಯಿಂದ ಕೈ ಊರದ ಎದ್ದು ಕೂಡ್ರೂದು 10ರಂಗ ಮೂರು ಸಲ, ಗ್ವಾಡಿಗೆ ಕೈ ಕೊಟ್ಟು ತಳ್ಳೂದು, ತುದಿಗಾಲಿನ ಮ್ಯಾಲೆ ಏಳೂದು ಇವನ್ನ ಕೂಡಿಸ್ರಿ.

ಕೆಲವರು ಭಾರ ಹೊರಬಾರದು, ಓದೂ ಉಳದವರಿಗೂ ಹೇಳ್ತೀನಿ. ನಡದಾಗ ಎದಿ ಹಿಡಿಯೂರು, ಬಿಪಿ ಹದ್ದಿಗೆ ಬರದವರು, ಸೊಂಟದಿಂದ ಕಾಲಿಗೆ ಜಗ್ಗೂರು, ಹರ್ನಿಯಾ ಇದ್ದವರು, ಹೊಟ್ಟಿ ಆಪರೇಷನ್ ಆಗಿ ಇನ್ನೂ ದಿನ ತುಂಬದವರು, ಬಸರಿದ್ದವರು. ಗರ್ಭಕೋಶ ಜಾರಿದ ಹೆಣ್ಣುಮಕ್ಕಳೂ ಹೊರಬಾರದು. ನಾಚಿಕಿಗೆ ಇದನ್ನ ಯಾರೂ ಹೇಳಂಗಿಲ್ಲ, ಭಾರದಿಂದ ಅದು ಹೆಚ್ಚಾಗ್ತೈತಿ, ಡಾಕ್ಟರ ಮುಂದ ಬಾಯಿಬಿಟ್ಟು ಹೇಳ್ರಿ. ಸಕ್ರಿಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಗುಳಿಗಿ ತೊಗೊಳ್ಳೂರು ಕಿಸೆದಾಗ ಗ್ಲೂಕೋಸ್ ಪುಡಿ ಇಲ್ಲಾ ಸಕ್ರಿ ಇಟ್ಕೋರಿ. ಸಕ್ರಿ ಬಾಳ ಇಳದು ನಡುಗಿ ಬೆವತ್ರ ಅಲ್ಲೇ ಕುಂತು ತಿನ್ರಿ. ಅಂಗಾಲು ಜೋಮು ಹಿಡದವರು ಬರಿಗಾಲಿಲೆ ನಡೀಬ್ಯಾಡ್ರಿ, ಮನಿಗೆ ಬಂದ ಕೂಡಲೆ ಕಾಲು ತಿರುವಿ ನೋಡ್ಕೋರಿ.

ಶೂ ಸಂಜಿಮುಂದ ಕೊಳ್ರಿ, ಆ ಹೊತ್ತಿಗೆ ಪಾದ ಸ್ವಲ್ಪ ಬಾತಿರ್ತಾವ, ಅಳತಿ ಸರಿ ಸಿಗ್ತೈತಿ. ಉದ್ದನ ಬೆಳ್ಳಿನ ಮುಂದ ಹೆಬ್ಬೆಳ್ಳಿನ ಅಗಲದಷ್ಟು ಜಾಗ ಬೇಕು. ಮಾರ್ಚದಿಂದ ಮೇ ತನಕ ಬಿಸಲು ಏರೂದ್ರೊಳಗ ಮನಿ ಸೇರ್ರಿ, ಭಾರ ಹೊತ್ತ ದಿನ ಮೈ ಇನ್ನೂ ಲಗೂ ಕಾಯ್ತೈತಿ. ಫುಟ್‌ಪಾತ್ ಇಲ್ಲದ ಕಡೆ ರಸ್ತಾದ ಬಲಕ್ಕ, ಎದುರು ಬರೂ ಗಾಡಿ ಕಾಣೂವಂಗ ನಡೀರಿ. ಹುಬ್ಬಳ್ಳಿ ನೃಪತುಂಗ ಬೆಟ್ಟಕ್ಕ ಭಾರ ಹೊತ್ತು ಹತ್ತೂದು ಆರು ತಿಂಗಳು ಆದ ಮ್ಯಾಲಿನ ಮಾತು. ಮೊಣಕಾಲಿಗೆ ಹತ್ತೂದಕ್ಕಿಂತ ಇಳಿಯೂದ ಹೆಚ್ಚು ಪೆಟ್ಟು, ಇಳಿಯೂಮುಂದ ಬಾಟ್ಲಿ ಖಾಲಿ ಮಾಡ್ರಿ, ಸಣ್ಣ ಹೆಜ್ಜಿ ಇಡ್ರಿ.

ಜಾಕೆಟ್ಟಿನ ಒಳಮಗ್ಗಲಿನ ಒಂದು ಫೋಟೋ ಇಲ್ಲೇ ಹಾಕ್ರಿ, ತುಂಡು ತೆಗಿಯಾಕ ಬರ್ತಾವೋ ಇಲ್ಲೋ ನೋಡಿ ಹೇಳ್ತೀನಿ. ಮತ್ತ ಇವತ್ತ ರಾತ್ರಿ ಊಟ ಆದ ಕೂಡಲೆ ಹದಿನೈದು ನಿಮಿಷ ನಡದು ನಾಳೆ ಹೆಂಗನಿಸ್ತು ಬರೀರಿ.