ಕೋಬಾಲ್ಟ್ ಬದಲಿಸೂದು ಆಮ್ಯಾಲಾತು, ಮೊದಲ ನಡುವ ಅವಾಹಕ ಹಾಕ್ರಿ

ಎರಡು ಕೋಬಾಲ್ಟ್ ಕಾಂತಪದರದ ನಡುವ ಅತಿವಾಹಕ (ಭಾಳ ತಣ್ಣಗಾದ್ರ ರೋಧ ಇಲ್ಲದಂಗ ವಿದ್ಯುತ್ ಹರಸೂ) ನಯೋಬಿಯಂ ಇರೂ ಮಾದರಿಯೊಳಗ ಆ ಎರಡು ಪದರ ವಿರುದ್ಧ ದಿಕ್ಕಿಗೆ ತಿರುಗಿದಾಗ ರೋಧ ಏರತೈತಿ, ಆ ಏರಿಕೆ ಇನ್ನೂ ದೊಡ್ಡದಾಗಾಕ ಕೋಬಾಲ್ಟ್ ಬದಲಿ ತಾಮ್ರ-ನಿಕ್ಕಲ್ ಹಾಕ್ಲೇನು ಅಂತ ಕೇಳೀರಿ. ಧಾರವಾಡದಾಗ ಎಂಎಸ್‌ಸಿ ಪ್ರಾಜೆಕ್ಟ್ ಮಾಡೂವಾಗ ಇದ ಗ್ರಾಫ್ ಹಿಡಕೊಂಡು ನಾನೂ ಕುಣದಿದ್ದೆ. ನಿಮ್ಮ ಪ್ರಶ್ನಿನ ತಪ್ಪೈತ್ರಿ.

ಅತಿವಾಹಕದಾಗ ರೋಧ ಇಲ್ಲದಂಗ ಹರಿಯೂವು ಎಲೆಕ್ಟ್ರಾನಿನ ಜೋಡಿ, ಅದಕ್ಕ ಕೂಪರ್ ಜೋಡಿ ಅಂತಾರ; ಅದರೊಳಗ ಎರಡು ಎಲೆಕ್ಟ್ರಾನಿನ ಸ್ಪಿನ್ (ಅವುಗಳ ಪುಟ್ಟ ಕಾಂತಗುಣ) ಎದುರುಬದುರು. ಪಕ್ಕದ ಕಾಂತ ಎರಡನ್ನೂ ಒಂದ ಕಡೆ ಎಳದು ಜೋಡಿ ಮುರೀತೈತಿ. ಕೋಬಾಲ್ಟಿನೊಳಗ ಆ ಜೋಡಿ ಒಂದೆರಡು ನ್ಯಾನೋಮೀಟರ್ ದಾಟಂಗಿಲ್ಲ. ಎರಡು ಪದರ ವಿರುದ್ಧ ಎಳದ್ರ ಎಳೆತ ಒಂದಕ್ಕೊಂದು ವಜಾ ಆಗಿ, ಸಂಕ್ರಮಣ ತಾಪ (ಅತಿವಾಹಕತೆ ಸುರುವಾಗೂ ತಾಪ) ಏರಿ, ರೋಧ ಇಳೀಬೇಕು. ನಿಮ್ಮದು ಏರೇತಿ. ನನ್ನದೂ ಏರಿತ್ತು. ನಾನು ಸ್ಪಿನ್ ಮ್ಯಾಲ ಹಾಕಿ ಹನ್ನೆರಡು ಪುಟ ಬರದೆ.

ಆಗಿದ್ದು ಬ್ಯಾರೆ. ಕಾಂತಕ್ಷೇತ್ರ ತಿರುಗೂ ಹೊತ್ತಿನ್ಯಾಗ ಕೋಬಾಲ್ಟ್ ಬ್ಯಾರೆ ಬ್ಯಾರೆ ದಿಕ್ಕಿನ ಕಾಂತತೆಯ ಸಣ್ಣ ಸಣ್ಣ ತುಂಡು, ಅಂದ್ರ ಡೊಮೇನ್ ಆಗಿ ಒಡೀತೈತಿ. ಅದರ ಗೋಡೆಗಳಿಂದ ಕ್ಷೇತ್ರ ಪದರಕ್ಕ ಲಂಬವಾಗಿ ಸೋರಿ ನಯೋಬಿಯಂ ಚುಚ್ಚತೈತಿ, ಅದು ತೂರಿದಲ್ಲಿ ವಿದ್ಯುತ್ತಿನ ಸುಳಿ ಹುಟ್ಟಿ ರೋಧ ಏರತೈತಿ.

ನನ್ನ ತಪ್ಪು ಹೋಲಿಕೆ ಮಾದರಿಯೊಳಗ. ಬರೇ ನಯೋಬಿಯಂ ಅಳದು "ಇಲ್ಲಿ ಏರಿಕೆ ಇಲ್ಲ, ಅಂದ್ರ ಸ್ಪಿನ್ನಿನದ" ಅಂದೆ. ಆ ಮಾದರಿಯೊಳಗ ಸೋರೂ ಕ್ಷೇತ್ರನೂ ಇಲ್ಲ, ಕಾಂತದ ಸ್ಪರ್ಶನೂ ಇಲ್ಲ. ಎರಡೂ ಇಲ್ಲದ್ದು ಯಾರು ಕಳ್ಳ ಅಂತ ಹೆಂಗ ಹೇಳೀತ್ರಿ? ಕ್ಷೇತ್ರ ಉಳೀಬೇಕು, ಸ್ಪರ್ಶ ಹೋಗಬೇಕು. ಸೋರೂ ಕ್ಷೇತ್ರ ಅವಾಹಕ ದಾಟತೈತಿ, ಕೂಪರ್ ಜೋಡಿ ದಾಟಂಗಿಲ್ಲ.

ಹಂಗಾಗಿ ಅದ 25 ನ್ಯಾನೋಮೀಟರ್ ನಯೋಬಿಯಂ, ಅದ ಕೋಬಾಲ್ಟ್, ಎರಡೂ ಕಡೆ ನಡುವ 5 ನ್ಯಾನೋಮೀಟರ್ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್, ಅವಾಹಕ). ಅಲ್ಯೂಮಿನಿಯಂ ಟಾರ್ಗೆಟ್ (ಪದರಕ್ಕ ಪರಮಾಣು ಕೊಡೂ ಬಿಲ್ಲೆ) ಇಟ್ಟು ಆಕ್ಸಿಜನ್ ಹರಸಬ್ಯಾಡ್ರಿ, ನಯೋಬಿಯಂ ಅದನ್ನ ಕುಡೀತೈತಿ. ಶೇಕಡಾ 1 ಆಕ್ಸಿಜನ್ ಪರಮಾಣು ಸೇರಿದ್ರ ಸಂಕ್ರಮಣ ತಾಪ ಹತ್ರಹತ್ರ 1 ಕೆಲ್ವಿನ್ ಇಳೀತೈತಿ. ಅಲ್ಯೂಮಿನಾ ಟಾರ್ಗೆಟ್ಟೇ ತಗೊಂಡು ಬರೇ ಆರ್ಗಾನಿನ್ಯಾಗ ಆರ್‌ಎಫ್ ಸ್ಪಟರ್ ಮಾಡ್ರಿ (ರೇಡಿಯೋ ಆವರ್ತನದ ವಿದ್ಯುತ್ತಿನಿಂದ ಟಾರ್ಗೆಟ್ಟಿನ ಪರಮಾಣು ಸಿಡಿಸಿ ಪದರ ಕೂಡಸೂದು). ಕಾಂತದ ಸ್ಪರ್ಶ ಇಲ್ಲದ್ದಕ್ಕ ಈ ಮಾದರಿಯ ಸಂಕ್ರಮಣ ಮ್ಯಾಲಿನ ತಾಪಕ್ಕ ಸರೀತೈತಿ, ಹಳೇ ತಾಪದಾಗ ಅಳೀಬ್ಯಾಡ್ರಿ. ಇದರ ಸಂಕ್ರಮಣದ ನಡುಮಧ್ಯ ಹುಡುಕಿ, ತಾಪ 1 ಮಿಲಿಕೆಲ್ವಿನ್ ಒಳಗ ಹಿಡದು, ಕ್ಷೇತ್ರ ಎರಡೂ ದಿಕ್ಕಿನ್ಯಾಗ ಓಡಸ್ರಿ. ಏರಿಕೆ ಅಲ್ಲೂ ಕಂಡ್ರ ಅದು ಡೊಮೇನಿನದು. ನನಗ ಕಂಡಿತು; ಹನ್ನೆರಡು ಪುಟ ಹರದೆ.

ತಾಮ್ರ-ನಿಕ್ಕಲ್? ಅದರ ಕಾಂತತೆ ದುರ್ಬಲ, ಸೋರೂ ಕ್ಷೇತ್ರನೂ ಕಮ್ಮಿ. ಏರಿಕೆ ಸಣ್ಣದಾದ್ರ ಅದನ್ನೂ ಸ್ಪಿನ್ನಿನ ಲೆಕ್ಕಕ್ಕ ಬರಕೋತೀರಿ. ಅಲ್ಯೂಮಿನಾ ಮಾದರಿಯ ಗ್ರಾಫ್ ಬಂದ ಮ್ಯಾಲ ಕೇಳ್ರಿ.