ಎಡಿಸನ್‌ನಿಂದ 3 ದಿನಕ್ಕೆ, ಕಾರಿಲ್ಲದೆ ನಡೆದೇ ನೋಡಲು ಯಾವ ಊರು ಒಳ್ಳೆಯದು?

ನೀವು ಕೇಳಿದ್ದು ಇದು: ಮಗಳ ಮನೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಬೆಂಗಳೂರಿನಿಂದ ಬಂದ ನಿಮಗಿಬ್ಬರಿಗೂ 60 ದಾಟಿದೆ. ಕಾರು ಓಡಿಸುವುದಿಲ್ಲ, ಮಾಂಸ ತಿನ್ನುವುದಿಲ್ಲ, ನೀವಿಬ್ಬರೇ 3 ದಿನ ಹೋಗಿಬರಬೇಕು. ವಾಷಿಂಗ್ಟನ್, ಬಾಸ್ಟನ್, ಫಿಲಡೆಲ್ಫಿಯಾ ಈ ಮೂರರಲ್ಲಿ ಯಾವುದು?

ಫಿಲಡೆಲ್ಫಿಯಾಕ್ಕೆ ಹೋಗಿ. ಎರಡನೇ ಯೋಚನೆಯೇ ಬೇಡ.

"ನಡೆಯಲು ಯೋಗ್ಯ ನಗರಗಳು" ಎಂಬ ಅಂಕಪಟ್ಟಿಗಳನ್ನು ನೋಡಿ ಊರು ಆರಿಸಬೇಡಿ. ವಾಕ್ ಸ್ಕೋರ್‌ನಂಥ ಅಂಕಗಳು ಅಳೆಯುವುದು ಒಂದು ವಿಳಾಸದಿಂದ ದಿನಸಿ ಅಂಗಡಿ, ಶಾಲೆ, ಹೋಟೆಲು ಎಷ್ಟು ಹತ್ತಿರ ಇವೆ ಎನ್ನುವುದನ್ನು. ಅದು ಮನೆ ಹುಡುಕುವವರಿಗೆ ಬೇಕಾದ ಲೆಕ್ಕ. 3 ದಿನಕ್ಕೆ ಹೋಗುವವರಿಗೆ ಬೇಕಾದದ್ದು ಬೇರೆ: ರೈಲು ಇಳಿದ ಜಾಗದಿಂದ ರೂಮಿಗೆ ನಡೆದೇ ಹೋಗಬಹುದೇ, ನೋಡುವ ಜಾಗಗಳು ಒಂದರ ಪಕ್ಕ ಒಂದು ಇವೆಯೇ, ಸುಸ್ತಾದರೆ ಮಧ್ಯಾಹ್ನ ರೂಮಿಗೆ ಬಂದು ಒಂದು ಗಂಟೆ ಮಲಗಿ ಎದ್ದು ಮತ್ತೆ ಹೋಗಲು ಆಗುತ್ತದೆಯೇ. ನಿಮ್ಮ ವಯಸ್ಸಿಗೆ ಕೊನೆಯದೇ ಮುಖ್ಯ. ಈ ಮೂರಕ್ಕೂ ಹೊಂದುವ ಊರು ಫಿಲಡೆಲ್ಫಿಯಾ.

ಊರಿನ ನಕ್ಷೆ ನಿಮಗೆ ಒಂದೇ ಗಂಟೆಯಲ್ಲಿ ಬಾಯಿಪಾಠ ಆಗುತ್ತದೆ. ವಿಲಿಯಂ ಪೆನ್ 1682ರಲ್ಲಿ ಡೆಲವೇರ್ ಮತ್ತು ಸ್ಕೂಲ್‌ಕಿಲ್ ನದಿಗಳ ನಡುವೆ ಚೌಕುಳಿಯಂತೆ ಊರು ಹಾಕಿಸಿದ. ಮಲ್ಲೇಶ್ವರದ ಕ್ರಾಸುಗಳ ಹಾಗೆ ಉತ್ತರ ದಕ್ಷಿಣದ ಬೀದಿಗಳಿಗೆ ನಂಬರು, ಎಣಿಕೆ ಶುರುವಾಗುವುದು ಪೂರ್ವದ ಡೆಲವೇರ್ ಕಡೆಯಿಂದ. ಒಂದನೆಯದಕ್ಕೆ ಫ್ರಂಟ್ ಸ್ಟ್ರೀಟ್ ಎನ್ನುತ್ತಾರೆ. 14ನೆಯದು ಇಲ್ಲ, ಆ ಜಾಗದಲ್ಲಿ ಬ್ರಾಡ್ ಸ್ಟ್ರೀಟ್ ಇದೆ. ಅಡ್ಡ ಹೋಗುವ ಬೀದಿಗಳಲ್ಲಿ ಹಲವಕ್ಕೆ ಮರಗಳ ಹೆಸರು: ಚೆಸ್ಟ್‌ನಟ್, ವಾಲ್‌ನಟ್, ಸ್ಪ್ರೂಸ್, ಪೈನ್. ಚೆಸ್ಟ್‌ನಟ್ ಸ್ಟ್ರೀಟ್‌ನಲ್ಲಿ 1214 ನಂಬರಿನ ಅಂಗಡಿ ಎಂದರೆ ಅದು 12 ಮತ್ತು 13ನೇ ಬೀದಿಗಳ ನಡುವೆಯೇ ಇರುತ್ತದೆ. ಫೋನಿನ ಚಾರ್ಜು ಮುಗಿದರೂ ದಾರಿ ತಪ್ಪುವುದಿಲ್ಲ. ಒಂದು ನದಿಯಿಂದ ಇನ್ನೊಂದಕ್ಕೆ ಸುಮಾರು 3 ಕಿ.ಮೀ., ಒಂದು ಬ್ಲಾಕು ಸರಾಸರಿ 130 ಮೀಟರು. ನಿಧಾನ ನಡಿಗೆಯಲ್ಲಿ ಬ್ಲಾಕಿಗೆ 2 ನಿಮಿಷ, ಸಿಗ್ನಲ್ಲಿಗೆ ಅರ್ಧ ನಿಮಿಷ ಸೇರಿಸಿ. ನೆಲವೂ ಹೆಚ್ಚುಕಡಿಮೆ ಸಮತಟ್ಟು.

ರೈಲಿನ ವಿಷಯ. ಎಡಿಸನ್ ಸ್ಟೇಷನ್ನಿನಲ್ಲೇ ನ್ಯೂಜೆರ್ಸಿ ಟ್ರಾನ್ಸಿಟ್‌ನ ನಾರ್ತ್‌ಈಸ್ಟ್ ಕಾರಿಡಾರ್ ರೈಲು ಹತ್ತಿ ಕೊನೆಯ ಸ್ಟೇಷನ್ ಟ್ರೆಂಟನ್‌ಗೆ ಹೋಗಿ, ಸುಮಾರು 40 ನಿಮಿಷ. ಅಲ್ಲಿ ಇಳಿದು ಫಿಲಡೆಲ್ಫಿಯಾದ ಸಾರಿಗೆ ಸಂಸ್ಥೆ ಸೆಪ್ಟಾದ ಟ್ರೆಂಟನ್ ಲೈನ್ ಹಿಡಿದರೆ ಊರಿನ ಮಧ್ಯಕ್ಕೆ ಇನ್ನು ಸುಮಾರು 50 ನಿಮಿಷ. ಜನ ಎಡವುವುದು ಇಲ್ಲೇ: ನ್ಯೂಜೆರ್ಸಿ ಟ್ರಾನ್ಸಿಟ್ ಟಿಕೆಟು ಟ್ರೆಂಟನ್‌ವರೆಗೆ ಮಾತ್ರ ನಡೆಯುತ್ತದೆ, ಮುಂದಿನದಕ್ಕೆ ಸೆಪ್ಟಾ ಟಿಕೆಟು ಬೇರೆ. ಎರಡೂ ಬೇರೆ ಬೇರೆ ಸಂಸ್ಥೆಗಳು, ಒಂದು ತಡವಾದರೆ ಇನ್ನೊಂದು ಕಾಯುವುದಿಲ್ಲ. ಆದ್ದರಿಂದ ಮೊದಲು ಸೆಪ್ಟಾದ ವೇಳಾಪಟ್ಟಿ ನೋಡಿ, ಅದಕ್ಕಿಂತ 20 ನಿಮಿಷವಾದರೂ ಮೊದಲು ಟ್ರೆಂಟನ್ ತಲುಪುವ ರೈಲು ಆರಿಸಿ. ನ್ಯೂಜೆರ್ಸಿ ಟ್ರಾನ್ಸಿಟ್‌ನಲ್ಲಿ 62 ತುಂಬಿದವರಿಗೆ ದರ ಕಡಿಮೆ, ವಯಸ್ಸು ತೋರಿಸುವ ಗುರುತಿನ ಚೀಟಿ ಕೈಯಲ್ಲಿರಲಿ. ಬದಲಿಸುವ ರಗಳೆ ಬೇಡ ಅನ್ನಿಸಿದರೆ ಎಡಿಸನ್ ಪಕ್ಕದ ಮೆಟ್ರೋಪಾರ್ಕ್ ಸ್ಟೇಷನ್ನಿನಿಂದ ದೂರದ ಊರುಗಳಿಗೆ ಓಡುವ ಆಮ್‌ಟ್ರ್ಯಾಕ್ ರೈಲು ಸುಮಾರು ಒಂದು ಗಂಟೆಯಲ್ಲಿ ಮುಟ್ಟಿಸುತ್ತದೆ. ಆದರೆ ಅದರ ಟಿಕೆಟಿನ ಬೆಲೆ ವಿಮಾನದ್ದರ ಹಾಗೆ ಏರಿಳಿಯುತ್ತದೆ, ಹೊರಡುವ ದಿನ ಕೊಂಡರೆ ಬಹಳ ದುಬಾರಿ. ಅದು ಊರಿನ ಮಧ್ಯಕ್ಕೂ ಹೋಗುವುದಿಲ್ಲ, ಸ್ಕೂಲ್‌ಕಿಲ್ ನದಿಯ ಆಚೆಯ 30ನೇ ಸ್ಟ್ರೀಟ್ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಸೆಪ್ಟಾ ರೈಲಿನಲ್ಲಾದರೆ 30ನೇ ಸ್ಟ್ರೀಟ್‌ನಲ್ಲಿ ಇಳಿಯದೆ ಕೂತೇ ಇರಿ. ಮುಂದೆ ಸಬರ್ಬನ್ ಸ್ಟೇಷನ್, ಆಮೇಲೆ ಜೆಫರ್ಸನ್ ಸ್ಟೇಷನ್ ಬರುತ್ತವೆ. ಜೆಫರ್ಸನ್‌ನಲ್ಲಿ ಮೇಲೆ ಹತ್ತಿದರೆ 11ನೇ ಬೀದಿ, ಮಾರ್ಕೆಟ್ ಸ್ಟ್ರೀಟ್.

ರೂಮು ಹಿಡಿಯುವುದರಲ್ಲಿ ಪ್ರವಾಸದ ಅರ್ಧ ಭಾಗ ನಿರ್ಧಾರವಾಗುತ್ತದೆ. 8ರಿಂದ 18ನೇ ಬೀದಿಯೊಳಗೆ, ಆರ್ಚ್ ಮತ್ತು ವಾಲ್‌ನಟ್ ನಡುವೆ ಇರಲಿ. ಅಗ್ಗ ಎಂದು ವಿಮಾನ ನಿಲ್ದಾಣದ ಪಕ್ಕದ್ದನ್ನು ಹಿಡಿದರೆ ದಿನಕ್ಕೆರಡು ಸಲ ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಉಳಿತಾಯ ಕರಗಿಹೋಗುತ್ತದೆ, ಮಧ್ಯಾಹ್ನದ ವಿಶ್ರಾಂತಿಯೂ ತಪ್ಪುತ್ತದೆ. ಬುಕಿಂಗ್ ಆ್ಯಪ್‌ಗಳು ಕಿಂಗ್ ಆಫ್ ಪ್ರಶ್ಯಾದ ಹೋಟೆಲುಗಳನ್ನೂ ಫಿಲಡೆಲ್ಫಿಯಾ ಎಂದು ಹುಡುಕಿದಾಗ ತೋರಿಸುತ್ತವೆ. ಆ ಊರು 30 ಕಿ.ಮೀ. ದೂರ. ವಿಳಾಸದಲ್ಲಿ ಬೀದಿಯ ನಂಬರು ನೋಡಿ, ತೆರಿಗೆ ಸೇರಿದ ಮೊತ್ತ ನೋಡಿ, ಆಮೇಲೆ ದುಡ್ಡು ಕಟ್ಟಿ.

ಮೊದಲ ದಿನ ಮಧ್ಯಾಹ್ನದ ಊಟಕ್ಕೆ ನೇರ ರೀಡಿಂಗ್ ಟರ್ಮಿನಲ್ ಮಾರ್ಕೆಟ್‌ಗೆ ಹೋಗಿ. 12ನೇ ಬೀದಿ ಮತ್ತು ಆರ್ಚ್ ಸ್ಟ್ರೀಟ್ ಸೇರುವಲ್ಲಿದೆ, 1893ರಿಂದ ನಡೆಯುತ್ತಿರುವ ಮಾರುಕಟ್ಟೆ, ಸೂರಿನ ಕೆಳಗೆ ಹತ್ತಾರು ತಿಂಡಿ ಅಂಗಡಿಗಳು. ಬಿಸಿ ಪ್ರೆಟ್ಸೆಲ್ (ಗಂಟು ಹಾಕಿ ಸುಟ್ಟ ಬ್ರೆಡ್ಡು), ಫಲಾಫೆಲ್ (ಕಡಲೆಯ ವಡೆ), ಹಣ್ಣು, ಬ್ರೆಡ್ಡು ಸಿಗುತ್ತವೆ. 12ರಿಂದ 2ರವರೆಗೆ ಕೂರಲು ಜಾಗ ಸಿಗುವುದು ಕಷ್ಟ, 11ಕ್ಕೋ ಎರಡೂವರೆಗೋ ಹೋಗಿ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಸಾಲದು, ಸೂಪಿನಲ್ಲಿ ಕೋಳಿಯ ರಸ, ಬೇಯಿಸಿದ ಹುರುಳಿಕಾಯಿಯಲ್ಲಿ ಹಂದಿಮಾಂಸದ ಚೂರು ಇರಬಹುದು. ಮಾಂಸ, ಕೋಳಿ, ಮೀನು, ಅವುಗಳ ರಸ ಯಾವುದೂ ಬೇಡ ಎಂದು ಬಿಡಿಸಿ ಕೇಳಿ. ಪಕ್ಕದಲ್ಲೇ ಚೈನಾಟೌನ್ ಇದೆ, ಅಲ್ಲಿ ಪೂರ್ತಿ ಸಸ್ಯಾಹಾರಿ ಹೋಟೆಲುಗಳೂ ಇವೆ. ಸಂಜೆಗೆ ಸಿಟಿ ಹಾಲ್ ಸುತ್ತು ಹಾಕಿ 18ನೇ ಬೀದಿಯ ರಿಟನ್‌ಹೌಸ್ ಚೌಕದ ಬೆಂಚಿನ ಮೇಲೆ ಕೂತು ಬನ್ನಿ, ಅಷ್ಟೇ ಸಾಕು.

ಎರಡನೇ ದಿನ ಬೆಳಗ್ಗೆ ಇಂಡಿಪೆಂಡೆನ್ಸ್ ಹಾಲ್. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ ಎರಡೂ ಆದದ್ದು ಈ ಕಟ್ಟಡದಲ್ಲೇ. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಸಮಯ ನಿಗದಿಯಾದ ಟಿಕೆಟು ಬೇಕು. ಪ್ರವೇಶ ಉಚಿತ, ಆನ್‌ಲೈನ್ ಕಾದಿರಿಸುವುದಕ್ಕೆ ತಲಾ 1 ಡಾಲರು. ಬೆಳಗಿನ ಹೊತ್ತುಗಳು ಬೇಗ ಮುಗಿದುಹೋಗುತ್ತವೆ, ಹೋಗುವ ದಿನ ನಿಶ್ಚಯವಾದ ಕೂಡಲೇ ಮಗಳ ಕೈಯಲ್ಲಿ ಮಾಡಿಸಿಡಿ. ತಪಾಸಣೆ ಇರುತ್ತದೆ, ಅರ್ಧ ಗಂಟೆ ಮೊದಲೇ ಹೋಗಿ. ಹಣ್ಣು ಹೆಚ್ಚುವ ಚಾಕುವನ್ನು ರೂಮಿನಲ್ಲೇ ಬಿಡಿ. ಎದುರಿಗೇ ಇರುವ ಲಿಬರ್ಟಿ ಬೆಲ್ ಎಂಬ ಹಳೆಯ ಗಂಟೆ ನೋಡಲು ಟಿಕೆಟು ಬೇಡ. ಶೌಚಾಲಯಕ್ಕೆ 6ನೇ ಬೀದಿ ಮತ್ತು ಮಾರ್ಕೆಟ್ ಸ್ಟ್ರೀಟ್‌ನ ವಿಸಿಟರ್ ಸೆಂಟರ್ ನೆನಪಿಡಿ, ಬೀದಿಯಲ್ಲಿ ಸಾರ್ವಜನಿಕ ಶೌಚಾಲಯ ಅಪರೂಪ. ಅಲ್ಲಿಂದ ಪೂರ್ವಕ್ಕೆ ನಡೆದರೆ 2ನೇ ಬೀದಿಯ ಹತ್ತಿರ ಎಲ್‌ಫ್ರೆತ್ಸ್ ಆ್ಯಲಿ ಎಂಬ ಓಣಿ ಸಿಗುತ್ತದೆ. 18ನೇ ಶತಮಾನದ ಪುಟ್ಟ ಮನೆಗಳು, ಇಂದಿಗೂ ಜನ ವಾಸವಾಗಿದ್ದಾರೆ. ನೆಲಕ್ಕೆ ಉರುಟು ಕಲ್ಲು ಹಾಸಿದೆ, ಈ ಕಡೆಯ ಇಟ್ಟಿಗೆಯ ಫುಟ್‌ಪಾತು ಮರದ ಬೇರಿಗೆ ಅಲ್ಲಲ್ಲಿ ಎದ್ದಿದೆ. ಚಪ್ಪಲಿ ಬೇಡ, ಪಳಗಿದ ಶೂ ಇರಲಿ.

ಮೂರನೇ ದಿನ ಕಲಾ ಮ್ಯೂಸಿಯಂ. ಸಿಟಿ ಹಾಲ್‌ನಿಂದ ಒಂದೂವರೆ ಕಿ.ಮೀ. ಮೇಲಿದೆ, ದಿಬ್ಬದ ಮೇಲೆ ಕಟ್ಟಿದ್ದಾರೆ, ಎದುರಿಗೆ 72 ಮೆಟ್ಟಿಲು. ಹೋಗುವಾಗ ಟ್ಯಾಕ್ಸಿಯಲ್ಲಿ ಹಿಂದಿನ ಪಶ್ಚಿಮ ಬಾಗಿಲಿಗೇ ಇಳಿಯಿರಿ, ಬರುವಾಗ ಫ್ರಾಂಕ್ಲಿನ್ ಪಾರ್ಕ್‌ವೇ ಮರಗಳ ನೆರಳಲ್ಲಿ ಇಳಿಜಾರಿನಲ್ಲಿ ನಡೆದು ಬನ್ನಿ. ನಡುದಾರಿಯಲ್ಲಿ ಲೋಗನ್ ಚೌಕದ ಕಾರಂಜಿ ಇದೆ, ಕೂರಲು ಹದವಾದ ಜಾಗ.

ರಸ್ತೆ ದಾಟುವಾಗ ಒಂದು ಅಭ್ಯಾಸ ಬದಲಿಸಿಕೊಳ್ಳಲೇಬೇಕು. ಎರಡೂ ಕಡೆ ವಾಹನ ಓಡಾಡುವ ರಸ್ತೆಯಲ್ಲಿ ನಿಮ್ಮ ಹತ್ತಿರದ ಸಾಲು ಎಡದಿಂದ ಬರುತ್ತದೆ, ನಮ್ಮ ಕಣ್ಣು ಬಲಕ್ಕೆ ಹೋಗುತ್ತದೆ. ಜತೆಗೆ ಕೆಂಪು ದೀಪ ಇದ್ದರೂ ಕಾರು ನಿಂತು ನೋಡಿ ಬಲಕ್ಕೆ ತಿರುಗಬಹುದು ಎಂಬ ನಿಯಮ ಇಲ್ಲಿದೆ, ಹಾಗಾಗಿ ನಡೆಯುವ ಚಿಹ್ನೆ ಬಿದ್ದರೂ ತಿರುಗುವ ಕಾರಿನ ಚಾಲಕ ನಿಮ್ಮನ್ನು ನೋಡಿದನೇ ಎಂದು ಖಾತ್ರಿ ಮಾಡಿಕೊಂಡೇ ಕಾಲಿಡಿ. ಕೆಂಪು ಕೈ ಮಿನುಗುತ್ತ ಅಂಕಿ ಇಳಿಯುತ್ತಿದ್ದರೆ ಹೊಸದಾಗಿ ದಾಟಲು ಶುರುಮಾಡಬೇಡಿ.

ವಾಷಿಂಗ್ಟನ್ ಏಕೆ ಬೇಡ ಎಂದರೆ, ಅಲ್ಲಿ ಕಣ್ಣಿಗೆ ಹತ್ತಿರ ಕಂಡದ್ದು ಕಾಲಿಗೆ ದೂರ. ಸಂಸತ್ ಭವನವಾದ ಕ್ಯಾಪಿಟಲ್‌ನಿಂದ ಲಿಂಕನ್ ಸ್ಮಾರಕಕ್ಕೆ 3 ಕಿ.ಮೀ.ಗೂ ಹೆಚ್ಚು, ನೆರಳು ಕಡಿಮೆ, ಪ್ರತಿ ಮ್ಯೂಸಿಯಂ ಒಳಗೂ ಮತ್ತೊಂದು ಕಿ.ಮೀ. ನಡೆಸುತ್ತದೆ. ಸ್ಮಿತ್‌ಸೋನಿಯನ್ ಮ್ಯೂಸಿಯಂಗಳು ಉಚಿತ ಮತ್ತು ಅಪೂರ್ವ, 5 ದಿನ ಇದ್ದಾಗ ಹೋಗಿ. ಹೋದರೆ ವಿಳಾಸದ ಕೊನೆಯ ಎರಡಕ್ಷರ ಬಿಡದೆ ಬರೆದುಕೊಳ್ಳಿ: ಊರು ನಾಲ್ಕು ಭಾಗವಾಗಿದೆ, ಒಂದೇ ಬೀದಿ, ಒಂದೇ ನಂಬರು ಎನ್‌ಡಬ್ಲ್ಯು (ವಾಯವ್ಯ) ಭಾಗದಲ್ಲೂ ಇರಬಹುದು, ಎಸ್‌ಇ (ಆಗ್ನೇಯ) ಭಾಗದಲ್ಲೂ ಇರಬಹುದು. ಬಾಸ್ಟನ್ ನಡೆಯಲು ಬಹಳ ಚೆಂದ, ಫ್ರೀಡಂ ಟ್ರೇಲ್‌ನ ಕೆಂಪು ಗೆರೆ ಹಿಡಿದರೆ 4 ಕಿ.ಮೀ.ನಲ್ಲಿ 16 ಜಾಗ ನೋಡಬಹುದು. ಆದರೆ ನಿಮ್ಮಲ್ಲಿಂದ ರೈಲಿಗೆ ನಾಲ್ಕು ಗಂಟೆಗೂ ಹೆಚ್ಚು, ಬೀಕನ್ ಹಿಲ್‌ನ ಏರು ಮಂಡಿಗೆ ಒಗ್ಗುವುದಿಲ್ಲ, ಅಕ್ಟೋಬರ್‌ನಲ್ಲಿ ರೂಮಿನ ಬೆಲೆ ಗಗನಕ್ಕೆ ಹೋಗುತ್ತದೆ.

ಏಪ್ರಿಲ್ ಕೊನೆ, ಮೇ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಮಂಗಳೂರಿನ ಸೆಕೆ. ವಾರ ಆರಿಸುವಾಗ ಗುರುವಾರ ಹೊರಟು ಶನಿವಾರ ಸಂಜೆ ಮರಳುವಂತೆ ಇಟ್ಟುಕೊಳ್ಳಿ. ಕಲಾ ಮ್ಯೂಸಿಯಂ ಮಂಗಳವಾರ, ಬುಧವಾರ ಮುಚ್ಚಿರುತ್ತದೆ, ಮಾರ್ಕೆಟ್ಟಿನಲ್ಲಿ ಪ್ರೆಟ್ಸೆಲ್ ಲಟ್ಟಿಸುವ ಆಮಿಶ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಪಂಗಡದ ಅಂಗಡಿಯವರು ಭಾನುವಾರ ಬರುವುದಿಲ್ಲ.