ಜ್ವರ ಬಂದು ಹೋದ ಮೇಲೆ ಬಿಪಿ ಏರಿದರೆ ವೈರಸ್ಸೇ ಕಾರಣವೇ?

ಚಿಕೂನ್‌ಗುನ್ಯಾ ಆಗಿ ತಿಂಗಳಾಯಿತು, ಕೀಲುನೋವು ಇನ್ನೂ ಇದೆ, ಈಗ ನೋಡಿದರೆ ಬಿಪಿ 150/96, ಇದು ವೈರಸ್ಸಿಂದಲೇ, ಬಿಪಿಗೆ ಕಾರಣ ಇರಬಹುದು ಅನ್ನುವ ಸೈಟೊಮೆಗಲೊ ಎಂಬ ಇನ್ನೊಂದು ವೈರಸ್ಸಿನ ಪರೀಕ್ಷೆ ಮಾಡಿಸಲೇ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಆದರೆ ನಿಮ್ಮ ಪಾಡು ನಾನೂ ಪಟ್ಟಿದ್ದೇನೆ.

ಎರಡು ವರ್ಷದ ಹಿಂದಿನ ಮಳೆಗಾಲ. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಕೀಲು ಮಾತ್ರ ಬಿಡಲಿಲ್ಲ. ಮುಂಜಾನೆ ಬೆರಳು ಮಡಚಲು ಬರುತ್ತಿರಲಿಲ್ಲ. ಪೆನ್ನು ಹಿಡಿಯೋದಿರಲಿ, ನೀರಿನ ಚರಗಿ ಎತ್ತಲಿಕ್ಕೂ ಎರಡು ಕೈ ಬೇಕು. ಔಷಧಿ ಅಂಗಡಿಯಲ್ಲಿ ಚೀಟಿ ಕೇಳದೇ ಡೈಕ್ಲೋಫೆನಾಕ್ ಕೊಟ್ಟರು, ನಾನೂ ದಿನಕ್ಕೆರಡರಂತೆ ಐದು ವಾರ ನುಂಗಿದೆ. ಸಂಜೆ ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಕುಳಿ ಬಿದ್ದಂತೆ ಉಳಿಯತೊಡಗಿದಾಗ ಕೊಪ್ಪಳಕ್ಕೆ ಹೋಗಿ ತೋರಿಸಿದೆ. 168/102. ಡಾಕ್ಟರಮ್ಮ ಜ್ವರದ ಸುದ್ದಿ ಕೇಳಲೇ ಇಲ್ಲ. "ನೋವಿಗೆ ಯಾವ ಗುಳಿಗಿ ನುಂಗಾಕತ್ತೀರಿ? ಖರೇ ಹೇಳ್ರಿ" ಅಂದರು.

ಈ ಜಾತಿಯ ನೋವಿನ ಗುಳಿಗೆ ಮೂತ್ರಪಿಂಡದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆಯುತ್ತದೆ. ಆಗ ಉಪ್ಪು, ನೀರು ಹೊರಗೆ ಹೋಗದೇ ಮೈಯಲ್ಲೇ ನಿಲ್ಲುತ್ತವೆ, ಒತ್ತಡ ಏರುತ್ತದೆ. ಮೊದಲೇ ಬಿಪಿ ಗುಳಿಗೆ ತಗೊಳ್ಳುವವರಿಗೆ ಅದರ ಕೆಲಸವನ್ನೂ ಕೆಡಿಸುತ್ತದೆ. ಕೀಲುನೋವಿಗೆ ಕೆಲವೊಮ್ಮೆ ಕೊಡುವ ಸ್ಟೀರಾಯ್ಡೂ ಬಿಪಿ ಏರಿಸುತ್ತದೆ. ಕಟ್ಟಿದ ಮೂಗು ಬಿಡಿಸುವ ಫೀನೈಲೆಫ್ರಿನ್ ಇರುವ ನೆಗಡಿ ಗುಳಿಗೆಯೂ ಏರಿಸಬಹುದು.

ಹಾಗಂತ ವೈರಸ್ಸಿಗೂ ಬಿಪಿಗೂ ಸಂಬಂಧವೇ ಇಲ್ಲ ಅನ್ನಲಾರೆ. 2009ರಲ್ಲಿ ಬಾಸ್ಟನ್ನಿನ ಸಂಶೋಧಕರು ಇಲಿಗಳಿಗೆ ಸೈಟೊಮೆಗಲೊ ವೈರಸ್ ಸೋಂಕಿಸಿ ನೋಡಿದಾಗ ಅವುಗಳ ರಕ್ತದೊತ್ತಡ ಏರಿತ್ತು. ರಕ್ತನಾಳ ಬಿಗಿಯಾಗಲು ಕಾರಣವಾಗುವ ರೆನಿನ್, ಆಂಜಿಯೊಟೆನ್ಸಿನ್ ಕೂಡ ಹೆಚ್ಚಿದ್ದವು. ಕೊರೊನಾ ವೈರಸ್ ಜೀವಕೋಶದ ಒಳಹೊಗಲು ಹಿಡಿಯುವ ಎಸಿಇ-2 ಎಂಬ ಬಾಗಿಲಿದೆಯಲ್ಲ, ಅದರ ದಿನನಿತ್ಯದ ಕೆಲಸವೇ ಆಂಜಿಯೊಟೆನ್ಸಿನ್-2ನ್ನು ಒಡೆದು ತಣ್ಣಗಾಗಿಸುವುದು; ವೈರಸ್ ಆ ಬಾಗಿಲು ಹಿಡಿದರೆ ಆ ಕೆಲಸ ಕುಂದಿ ಬಿಪಿ ಏರಬಹುದು ಅನ್ನುವ ಊಹೆ ಇದೆ. 2023ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಿಂದ ಬಂದ ಲೆಕ್ಕದಲ್ಲಿ, ಕೋವಿಡ್ಡಿಗೆ ಆಸ್ಪತ್ರೆ ಸೇರಿದವರಲ್ಲಿ ಶೇ. 21 ಮಂದಿಗೆ ಆಮೇಲೆ ಹೊಸದಾಗಿ ಬಿಪಿ ಕಂಡಿತು, ಫ್ಲೂಗೆ ಸೇರಿದವರಲ್ಲಿ ಶೇ. 16. ಆದರೆ ಆಸ್ಪತ್ರೆಗೆ ಸೇರಿದವರಿಗೆ ಸ್ಟೀರಾಯ್ಡೂ ಬಿದ್ದಿರುತ್ತದೆ, ಮೊದಲಿಂದ ಬಿಪಿ ಇದ್ದೂ ಗೊತ್ತಿಲ್ಲದವರೂ ಇರುತ್ತಾರೆ. ಲೆಕ್ಕ ಬರೆಯುವವನಿಗೆ ಇಂಥ ಕಲಬೆರಕೆ ಬೇಗ ಕಣ್ಣಿಗೆ ಬೀಳುತ್ತದೆ.

ಸೈಟೊಮೆಗಲೊ ಪರೀಕ್ಷೆಗೆ ದುಡ್ಡು ಹಾಕಬೇಡಿ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಬಹುತೇಕರ ಮೈಯಲ್ಲಿ ಅದು ಚಿಕ್ಕಂದಿನಲ್ಲೇ ಸೇರಿ ಸುಮ್ಮನೆ ಮಲಗಿರುತ್ತದೆ. ಪಾಸಿಟಿವ್ ಬಂದರೂ ನಿಮ್ಮ ಬಿಪಿ ಚಿಕಿತ್ಸೆ ಒಂದಿಷ್ಟೂ ಬದಲಾಗುವುದಿಲ್ಲ.

ಅದರ ಬದಲು ನುಂಗುತ್ತಿರುವ ಗುಳಿಗೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಸುರಿಯಿರಿ. ಸ್ಟೀರಾಯ್ಡ್ ಇದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಒಂದು ವಾರ ಮನೆಯಲ್ಲೇ ಬೆಳಿಗ್ಗೆ ಸಂಜೆ ಬಿಪಿ ನೋಡಿ ಬರೆದಿಡಿ: ಬೆನ್ನಿಗೆ ಒರಗು ಕೊಟ್ಟು ಐದು ನಿಮಿಷ ಕೂತು, ತೋಳು ಎದೆಮಟ್ಟಕ್ಕಿಟ್ಟು, ಚಹಾ ಕುಡಿದು ಅರ್ಧ ತಾಸಾದರೂ ಆದ ಮೇಲೆ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಹೆಚ್ಚೇ. 180/120 ತೋರಿಸಿ ಎದೆನೋವು, ಉಸಿರುಗಟ್ಟು, ಕೈಕಾಲು ಸೋಲು ಇದ್ದರೆ ಬರೆಯುತ್ತ ಕೂರದೆ ನೇರ ಆಸ್ಪತ್ರೆಗೆ ನಡೆಯಿರಿ.

ನನಗೆ ಡೈಕ್ಲೋಫೆನಾಕ್ ಬಿಡಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಮೂರು ವಾರಕ್ಕೆ 144/92ಕ್ಕೆ ಬಂತು, ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. "ಇಷ್ಟು ಮೊದಲಿಂದನೂ ಇದ್ದೀತು, ನೀವು ನೋಡ್ಸಿರಲಿಲ್ಲ ಅಷ್ಟೇ" ಅಂದರು ಡಾಕ್ಟರಮ್ಮ. ಹೌದು, ನಲವತ್ತಾರು ವರ್ಷಕ್ಕೆ ನನ್ನ ತೋಳಿಗೆ ಬಿಪಿ ನೋಡುವ ಪಟ್ಟಿ ಕಟ್ಟಿದ್ದು ಅದೇ ಮೊದಲು. ಈಗ ದಿನಕ್ಕೊಂದು ಆಮ್ಲೊಡಿಪಿನ್ ಎಂಬ ಬಿಪಿ ಗುಳಿಗೆ ನಡೆದಿದೆ. ಊಟಕ್ಕೆ ಉಪ್ಪಿನಕಾಯಿ ಬಿಟ್ಟಿದ್ದೇನೆ, ಮಿರ್ಚಿ ಬಜಿ ಪೂರ್ತಿ ಬಿಡಲು ಆಗಿಲ್ಲ.